ಟಿಕೆಟ್ಟಿನಲ್ಲಿ ಹದಿನಾರು ಗಂಟೆ, ಮೈಗೆ ಎಷ್ಟು ಗಂಟೆ?

ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಎಷ್ಟು ದೂರ? ವಿಮಾನದ ಹಾದಿಯಲ್ಲಿ ಸುಮಾರು 14,000 ಕಿಲೋಮೀಟರ್. ಎಷ್ಟು ಹೊತ್ತಿನ ಪ್ರಯಾಣ? ನಡುವೆ ಎಲ್ಲೂ ಇಳಿಯದೆ ಹಾರಿದರೆ ಹದಿನಾರು-ಹದಿನೇಳು ಗಂಟೆ.

ಆರೋಗ್ಯದ ಅಂಕಣದಲ್ಲಿ ವಿಮಾನದ ಲೆಕ್ಕವೇಕೆ ಎಂದು ನೀವು ಕೇಳಬಹುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಅನೇಕ ಮನೆಗಳಿಗೆ ಈಗ ಇದು ಮನೆಯ ವಿಷಯವೇ ಆಗಿದೆ. ಮಗಳೋ ಸೊಸೆಯೋ ಅಲ್ಲಿ ಬಸುರಿ. ಬಾಣಂತನಕ್ಕೆ ತಾಯಿ ಹೋಗಬೇಕು, ಜೊತೆಗೆ ತಂದೆಯೂ ಹೊರಡುತ್ತಾರೆ. ಇಬ್ಬರಿಗೂ ಅರವತ್ತು ದಾಟಿದೆ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ರಕ್ತದೊತ್ತಡ. ಫೋನಿನಲ್ಲಿ ಮಗ ಧೈರ್ಯ ಹೇಳುತ್ತಾನೆ: "ಏನೂ ಯೋಚ್ನೆ ಮಾಡ್ಬೇಡಮ್ಮಾ, ಒಂದ್ಸಲ ಹತ್ತಿ ಕೂತ್ರೆ ಮುಗೀತು."

ಈ 'ಹತ್ತಿ ಕೂತರೆ ಮುಗಿಯಿತು' ಎಂಬುದರಲ್ಲೇ ತೊಂದರೆ ಇರುವುದು. ವಿಮಾನ ಎಷ್ಟೇ ವೇಗವಾಗಿ ಹಾರಲಿ, ಮನುಷ್ಯನ ಕಾಲು, ಶ್ವಾಸಕೋಶ, ನಿದ್ರೆ, ಔಷಧಿಯ ವೇಳೆ ಇವು ಯಾವುವೂ ಆ ವೇಗದಲ್ಲಿ ಹೋಗುವುದಿಲ್ಲ. ಟಿಕೆಟ್ಟಿನಲ್ಲಿ ಅಚ್ಚಾಗಿರುವ ಗಂಟೆಯನ್ನು ಪಕ್ಕಕ್ಕಿಟ್ಟು ಬೇರೆ ಲೆಕ್ಕವೊಂದನ್ನು ನೀವೇ ಮಾಡಿಕೊಳ್ಳಬೇಕು.

ಮುಳಬಾಗಿಲಿನ ಮನೆಯಿಂದಲೇ ಆರಂಭಿಸಿ. ಅಲ್ಲಿಂದ ಕೋಲಾರ, ನರಸಾಪುರ, ಹೊಸಕೋಟೆ ದಾಟಿ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಸುಮಾರು ನೂರು ಕಿ.ಮೀ., ಎರಡೂವರೆ ಗಂಟೆ ಎಂದಿಟ್ಟುಕೊಳ್ಳಿ. ತಪಾಸಣೆಗಾಗಿ ಮೂರು-ನಾಲ್ಕು ಗಂಟೆ ಮೊದಲೇ ಅಲ್ಲಿರಬೇಕು. ಆಮೇಲೆ ಹಾರಾಟ ಹದಿನಾರು ಗಂಟೆ. ಇಳಿದ ಮೇಲೆ ವಲಸೆ ಅಧಿಕಾರಿಗಳ ಮುಂದಿನ ಸಾಲು, ಪೆಟ್ಟಿಗೆಗಾಗಿ ಕಾಯುವುದು, ಮಗನ ಮನೆಯವರೆಗೆ ಕಾರು, ಇವು ಸೇರಿ ಇನ್ನೂ ಮೂರು ಗಂಟೆ. ಒಟ್ಟು ಇಪ್ಪತ್ತೈದು ಗಂಟೆಗೆ ಕಡಿಮೆಯಿಲ್ಲ. ಪೂರಾ ಒಂದು ಹಗಲು, ಒಂದು ರಾತ್ರಿ. ಇದರಲ್ಲಿ ಕಾಲು ಚಾಚಿ ಮಲಗುವ ಹೊತ್ತು ಒಂದು ಗಂಟೆಯೂ ಇಲ್ಲ!

ಈ ನೇರ ಹಾದಿ ಹಳೆಯದೇನಲ್ಲ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿಳಿದದ್ದು 11ರ ಬೆಳಗಿನ ಜಾವ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಗಿದ್ದ ಪೈಲಟ್‌ಗಳೆಲ್ಲರೂ ಮಹಿಳೆಯರೇ ಎಂದು ಆಗ ಪತ್ರಿಕೆಗಳು ಬರೆದವು. ಅಮೆರಿಕಕ್ಕೆ ಹೋಗಲು ಧ್ರುವದ ಕಡೆಗೇಕೆ ತಿರುಗಬೇಕು ಎಂಬ ಸಂದೇಹವಿದ್ದರೆ ಮಕ್ಕಳ ಶಾಲೆಯ ಭೂಗೋಳದ ಮೇಲೆ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ನೋಡಿ. ದಾರ ತಾನಾಗಿಯೇ ಉತ್ತರಕ್ಕೆ ಸರಿಯುತ್ತದೆ. ಇಂಥ ನೇರ ವಿಮಾನಗಳ ವೇಳಾಪಟ್ಟಿ ಆಗಾಗ ಬದಲಾಗುತ್ತದೆ, ನಿಲ್ಲುವುದೂ ಉಂಟು. ಟಿಕೆಟ್ ಕೊಳ್ಳುವ ದಿನ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕೂತ ಕಾಲಿಗೆ ಏನಾಗುತ್ತದೆ?

ಹೃದಯ ರಕ್ತವನ್ನು ಕಾಲಿಗೆ ತಳ್ಳುತ್ತದೆ, ಸರಿ. ಆದರೆ ಕಾಲಿನಿಂದ ಅದನ್ನು ಮೇಲಕ್ಕೆ ತಳ್ಳುವವರು ಯಾರು? ಮೀನಖಂಡದ ಸ್ನಾಯುಗಳು. ನೀವು ನಡೆದಾಗಲೆಲ್ಲ ಅವು ಬಿಗಿದು ಸಡಿಲಗೊಂಡು, ಆಳದಲ್ಲಿರುವ ರಕ್ತನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತವೆ. ಮಂಡಿ ಮಡಚಿ ಗಂಟೆಗಟ್ಟಲೆ ಕೂತರೆ ಈ ಪಂಪು ನಿಂತಂತೆಯೇ. ಪಾದ ಊದಿಕೊಳ್ಳುತ್ತದೆ, ಬಿಚ್ಚಿಟ್ಟ ಚಪ್ಪಲಿ ಮತ್ತೆ ಹಿಡಿಸುವುದಿಲ್ಲ. ಇದು ಬಹುಮಟ್ಟಿಗೆ ನಿರಪಾಯಕಾರಿ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಕೆಲವರಲ್ಲಿ ನಿಂತ ರಕ್ತ ಆಳದ ನಾಳದೊಳಗೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. 2000ದ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದಿಂದ ಲಂಡನ್ನಿಗೆ ಬಂದಿಳಿದ 28 ವರ್ಷದ ಬ್ರಿಟಿಷ್ ಯುವತಿಯೊಬ್ಬಳು ಹೀಗೆಯೇ ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಈ ವಿಷಯ ಎತ್ತಿಕೊಂಡವು.

ತಪ್ಪು ವಿಮಾನದ್ದಲ್ಲ, ಕೂರುವುದರದ್ದು. 1940ರಲ್ಲಿ ಲಂಡನ್ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಜನ ಆಶ್ರಯತಾಣಗಳಲ್ಲಿ ಬಟ್ಟೆಯ ಮಡಚು ಕುರ್ಚಿಗಳ ಮೇಲೆ ಕೂತೇ ರಾತ್ರಿ ಕಳೆಯುತ್ತಿದ್ದರು. ಇದೇ ಬಗೆಯ ಹಠಾತ್ ಸಾವುಗಳು ಹೆಚ್ಚಿದ್ದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ಆಗಲೇ ಗುರುತಿಸಿ ವರದಿ ಮಾಡಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆಗೂ ಮೇಲ್ಪಟ್ಟ ಪ್ರಯಾಣದಲ್ಲಿ, ಅದು ವಿಮಾನವಾಗಲಿ ರೈಲಾಗಲಿ ಬಸ್ಸಾಗಲಿ, ಅಲುಗಾಡದೆ ಕೂತರೆ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ. ಹಾಗೆಂದು ಹೆದರಿ ಟಿಕೆಟ್ ರದ್ದು ಮಾಡಬೇಡಿ. ಅದೇ ಅಧ್ಯಯನ ಹೇಳುವಂತೆ, ಆರೋಗ್ಯವಂತರಲ್ಲಿ ಇದು ಸುಮಾರು 6,000 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಪ್ರಯಾಣ ಉದ್ದವಾದಷ್ಟೂ ಅಪಾಯ ಏರುತ್ತದೆ. ಈಚೆಗೆ ಶಸ್ತ್ರಚಿಕಿತ್ಸೆ ಆದವರು, ಹಿಂದೊಮ್ಮೆ ಹೆಪ್ಪುಗಟ್ಟಿದ್ದವರು, ಕ್ಯಾನ್ಸರ್ ಇರುವವರು, ಬಹಳ ದಪ್ಪಗಿರುವವರು, ಗರ್ಭಿಣಿಯರು ಮತ್ತು ಹಾರ್ಮೋನ್ ಮಾತ್ರೆ ನುಂಗುವವರಿಗೆ ಇನ್ನೂ ಹೆಚ್ಚು.

ನಮ್ಮ ಹಿರಿಯರ ವಿಷಯದಲ್ಲಿ ಇನ್ನೊಂದು ಮಾತಿದೆ. ತಾಯಂದಿರಿಗೆ ಕಿಟಕಿ ಪಕ್ಕದ ಸೀಟು ಕೊಡಿಸುವುದು ಪ್ರೀತಿಯಿಂದಲೇ. ಆದರೆ ಪಕ್ಕದಲ್ಲಿ ಅಪರಿಚಿತ ಗಂಡಸರಿಬ್ಬರು ನಿದ್ದೆ ಹೋಗಿದ್ದರೆ ಆಕೆ ಅವರನ್ನು ಎಬ್ಬಿಸಿ ದಾಟಿ ಹೋಗುವುದಿಲ್ಲ. ಏಳಲು ಸಂಕೋಚ. ಆದ್ದರಿಂದ ಶೌಚಾಲಯಕ್ಕೆ ಹೋಗಬೇಕಾಗಬಾರದೆಂದು ನೀರೇ ಕುಡಿಯುವುದಿಲ್ಲ. ವಿಮಾನದೊಳಗಿನ ಗಾಳಿಯೋ ನಮ್ಮ ಬೇಸಿಗೆಗಿಂತ ಒಣ, ತೇವಾಂಶ ಶೇಕಡ 10ರಿಂದ 20 ಮಾತ್ರ. ಬಾಯಿ, ಮೂಗು, ಕಣ್ಣು ಒಣಗುತ್ತವೆ. ಹದಿನಾರು ಗಂಟೆ ನೀರಿಲ್ಲದೆ, ಏಳದೆ ಕೂತ ಸಕ್ಕರೆ ಕಾಯಿಲೆಯ ಹೆಂಗಸು ಇಳಿಯುವಾಗ ತಲೆ ತಿರುಗಿ ಬೀಳುವುದರಲ್ಲಿ ಆಶ್ಚರ್ಯವೇನು?

ಅವರಿಗೆ ನಡುದಾರಿಯ ಪಕ್ಕದ ಸೀಟನ್ನೇ ಕೇಳಿ ಪಡೆಯಿರಿ. ಎಚ್ಚರವಿರುವಾಗ ಗಂಟೆಗೆ, ಎರಡು ಗಂಟೆಗೆ ಒಮ್ಮೆ ಎದ್ದು ವಿಮಾನದ ಹಿಂಭಾಗದವರೆಗೆ ನಡೆದು ಬರಬೇಕು. ಕೂತಲ್ಲೇ ಹಿಮ್ಮಡಿ ಊರಿ ಬೆರಳುಗಳನ್ನು ಎತ್ತುವುದು, ಬೆರಳು ಊರಿ ಹಿಮ್ಮಡಿ ಎತ್ತುವುದು, ಹೀಗೆ ಇಪ್ಪತ್ತು ಸಲ. ಹೊಲಿಗೆ ಯಂತ್ರ ತುಳಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೈಚೀಲವನ್ನು ಕಾಲಬಳಿ ಇಟ್ಟು ಜಾಗ ಕಡಿಮೆ ಮಾಡಿಕೊಳ್ಳಬೇಡಿ. ಅಪಾಯ ಹೆಚ್ಚಿರುವವರಿಗೆ ವೈದ್ಯರು ಮಂಡಿಯವರೆಗಿನ ಬಿಗಿ ಕಾಲುಚೀಲವನ್ನೋ ರಕ್ತ ತಿಳಿಗೊಳಿಸುವ ಔಷಧಿಯನ್ನೋ ಬರೆದುಕೊಡುತ್ತಾರೆ. ನೆರೆಮನೆಯವರು ಹೇಳಿದರೆಂದು ಆಸ್ಪಿರಿನ್ ನುಂಗಿ ಹೊರಡುವುದು ಸರಿಯಲ್ಲ. ನಿದ್ದೆ ಮಾತ್ರೆಯೂ ಬೇಡ, ಅದನ್ನು ನುಂಗಿದವರು ಮಗ್ಗುಲು ಕೂಡ ಬದಲಿಸದೆ ಮಲಗಿಬಿಡುತ್ತಾರೆ.

ಗಾಲಿಕುರ್ಚಿಯ ಬಗ್ಗೆಯೂ ಹೇಳಬೇಕು. ನಡೆಯಬಲ್ಲ ಅನೇಕ ಹಿರಿಯರು ಇಂಗ್ಲಿಷ್ ಬಾರದೆಂಬ ಕಾರಣಕ್ಕೆ ಅದನ್ನು ಕೇಳುತ್ತಾರೆ. ತಳ್ಳುವವರು ದಾರಿ ತೋರಿಸುತ್ತಾರೆ, ಕಾಗದಪತ್ರದ ಕಡೆ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ. ಕಾರಣ ಅರ್ಥವಾಗುವಂಥದ್ದೇ. ಆದರೆ ನಿಲ್ದಾಣದೊಳಗೆ ಅರ್ಧ ಮೈಲಿ ನಡೆಯುವ ಅವಕಾಶವನ್ನೂ ಅದು ಕಿತ್ತುಕೊಳ್ಳುತ್ತದೆ. ಮಂಡಿ ಗಟ್ಟಿಯಾಗಿರುವವರು ಅದೇ ಕಡೆಗೆ ಹೋಗುತ್ತಿರುವ ಕನ್ನಡದ ಸಹಪ್ರಯಾಣಿಕರೊಬ್ಬರನ್ನು ಜೊತೆ ಮಾಡಿಕೊಂಡು ನಡೆದೇ ಹೋಗುವುದು ಮೇಲು.

ಊಟಿಯ ಎತ್ತರದಲ್ಲಿ ಹದಿನಾರು ಗಂಟೆ

ವಿಮಾನದೊಳಗೆ ಗಾಳಿಯ ಒತ್ತಡವನ್ನು ಯಂತ್ರಗಳು ಕಾಪಾಡುತ್ತವೆ, ಆದರೆ ನೆಲದ ಮಟ್ಟದಷ್ಟಲ್ಲ. ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಊಟಿಯ ಎತ್ತರ ಸುಮಾರು 7,350 ಅಡಿ, ನಂದಿಬೆಟ್ಟ 4,850 ಅಡಿ. ಅಂದರೆ ಊಟಿಯಲ್ಲಿ ಕೂತಷ್ಟೇ ಆಮ್ಲಜನಕ ಸಿಗುತ್ತದೆ. ಆರೋಗ್ಯವಂತರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ತೀವ್ರ ರಕ್ತಹೀನತೆ, ಹೃದಯದ ದೌರ್ಬಲ್ಯ, ಹಳೆಯ ಉಬ್ಬಸ ಇರುವವರಿಗೆ ಗೊತ್ತಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವರ್ಗವಿದೆ. ಕೆ.ಜಿ.ಎಫ್. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿ ದುಡಿದವರ ಮಕ್ಕಳು ಇಂದು ದೂರದೂರದ ದೇಶಗಳಲ್ಲಿದ್ದಾರೆ. ಗಣಿಯ ಕಲ್ಲುಧೂಳು ವರ್ಷಗಟ್ಟಲೆ ಶ್ವಾಸಕೋಶ ಸೇರಿ ಸಿಲಿಕೋಸಿಸ್ ಆಗಿರುವ ಹಿರಿಯರು ಮನೆಯಲ್ಲಿ ಕೂತಾಗ ಸರಿಯಾಗಿಯೇ ಇರುತ್ತಾರೆ, ಎತ್ತರಕ್ಕೆ ಹೋದಾಗ ಮಾತ್ರ ಕೊರತೆ ಕಾಣಿಸಿಕೊಳ್ಳುತ್ತದೆ.

ಅಂದಾಜಿಗೆ ಒಂದು ಪರೀಕ್ಷೆ. ಸಮತಟ್ಟಾದ ಜಾಗದಲ್ಲಿ 50 ಮೀಟರ್ ನಡೆದಾಗ ಅಥವಾ ಒಂದು ಮಹಡಿ ಮೆಟ್ಟಿಲು ಹತ್ತಿದಾಗ ಏದುಸಿರು, ಎದೆನೋವು ಬರುವವರು ವೈದ್ಯರನ್ನು ಕಾಣದೆ ಹೊರಡಕೂಡದು. ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಲ್ಲಾಗಲಿ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಯಲ್ಲಾಗಲಿ ಬೆರಳಿಗೆ ಸಿಕ್ಕಿಸುವ ಸಣ್ಣ ಉಪಕರಣದಿಂದ ರಕ್ತದ ಆಮ್ಲಜನಕ ಅಳೆದು ನೋಡುತ್ತಾರೆ. ಬೇಕೆಂದಾದರೆ ವಿಮಾನ ಸಂಸ್ಥೆಗೆ ಮುಂಚಿತವಾಗಿ ತಿಳಿಸಿ ಆಮ್ಲಜನಕದ ವ್ಯವಸ್ಥೆ ಮಾಡಿಸಿಕೊಳ್ಳಬೇಕು. ಕಣ್ಣಿನ ಅಕ್ಷಿಪಟಲದ ಶಸ್ತ್ರಚಿಕಿತ್ಸೆಯಲ್ಲಿ ಅನಿಲದ ಗುಳ್ಳೆ ಇಟ್ಟಿದ್ದರೆ ಅದು ಕರಗಿದೆ ಎಂದು ಕಣ್ಣಿನ ವೈದ್ಯರು ಹೇಳುವವರೆಗೆ ವಿಮಾನ ಹತ್ತಲೇಬಾರದು. ಎತ್ತರದಲ್ಲಿ ಗುಳ್ಳೆ ಹಿಗ್ಗಿ ದೃಷ್ಟಿಯೇ ಹೋಗಬಹುದು.

ಗಡಿಯಾರಕ್ಕೆ ಅರ್ಧ ಗಂಟೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ, ಉಳಿದ ತಿಂಗಳುಗಳಲ್ಲಿ ಹದಿಮೂರೂವರೆ ಗಂಟೆ. ಬೇಸಿಗೆಯಲ್ಲಿ ಹೋದವರು ಕೈಗಡಿಯಾರದ ಮುಳ್ಳನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿದರೆ ಸಾಕು, ಅಲ್ಲಿನ ವೇಳೆ ಸರಿಯಾಗುತ್ತದೆ! ಆದರೆ ಮುಳ್ಳಿನ ಗಡಿಯಾರಕ್ಕೆ ಹಗಲು-ರಾತ್ರಿಯ ಭೇದವಿಲ್ಲ, ಮೈಗೆ ಇದೆ. ಕೋಲಾರದ ಬೆಳಗಿನ ಎಂಟು ಎಂದರೆ ಅಲ್ಲಿ ಹಿಂದಿನ ದಿನದ ಸಂಜೆ ಏಳೂವರೆ.

ಇನ್ನೊಂದು ವಿಚಿತ್ರ ನೋಡಿ. ಜನವರಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಬೆಂಗಳೂರು ಬಿಟ್ಟು ಹದಿನಾರು ಗಂಟೆ ಹಾರಿದರೆ ಅಲ್ಲಿ ಇಳಿಯುವುದು ಅದೇ ದಿನ ಸಂಜೆ ನಾಲ್ಕೂವರೆಗೆ. ಕಾಗದದ ಮೇಲೆ ಎರಡೂವರೆ ಗಂಟೆ. ಬರುವಾಗ ಇದಕ್ಕೆ ತಿರುಗುಮುರುಗು: ರಾತ್ರಿ ಒಂಬತ್ತಕ್ಕೆ ಹೊರಟು ಹದಿನೇಳು ಗಂಟೆ ಹಾರಿದರೆ ಇಲ್ಲಿ ಇಳಿಯುವುದು ಮೂರನೆಯ ದಿನ ಬೆಳಗಿನ ಜಾವ ಮೂರೂವರೆಗೆ. ನಡುವಿನ ತಾರೀಖೊಂದು ಆಕಾಶದಲ್ಲೇ ಕಳೆದುಹೋಯಿತು. 'ದಿನಕ್ಕೆ ಎರಡು ಸಲ' ಎಂದು ಚೀಟಿಯಲ್ಲಿ ಬರೆದಿರುವ ಔಷಧಿಯನ್ನು ಇಂಥ ದಿನಗಳಲ್ಲಿ ಯಾವಾಗ ತೆಗೆದುಕೊಳ್ಳಬೇಕು?

ಮನೆಯಿಂದ ಹೊರಟು ಅಲ್ಲಿನ ಮನೆ ಸೇರುವವರೆಗೆ ಒಂದು ಕೈಗಡಿಯಾರವನ್ನು ಕೋಲಾರದ ವೇಳೆಯಲ್ಲೇ ಬಿಡಿ. ಔಷಧಿಗೆ ಅದೇ ಲೆಕ್ಕ. ವಿಮಾನದಲ್ಲಿ ಕಿಟಕಿ ಮುಚ್ಚಿ ಕತ್ತಲು ಮಾಡಿದರೆಂದು ರಾತ್ರಿಯ ಮಾತ್ರೆ ನುಂಗಬೇಡಿ. ತಲುಪಿದ ಮೇಲಿನ ವ್ಯವಸ್ಥೆಯನ್ನು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಬೇಕು. ದಿನಕ್ಕೊಂದರಂತೆ ಬೆಳಗ್ಗೆ ನುಂಗುವ ರಕ್ತದೊತ್ತಡದ ಮಾತ್ರೆ ಅಲ್ಲಿ ಸಂಜೆಗೆ ಬೀಳುತ್ತದೆ. ಹಾಗೆಯೇ ಸಂಜೆಗೆ ಮುಂದುವರಿಸಬಹುದೇ ಎಂದು ಕೇಳಿ. ಆದರೆ ಅದರಲ್ಲಿ ನೀರಿನ ಮಾತ್ರೆಯೂ ಸೇರಿದ್ದರೆ ರಾತ್ರಿಯಿಡೀ ಬಚ್ಚಲಿಗೆ ಓಡಾಡಬೇಕಾದೀತು.

ಇನ್ಸುಲಿನ್ ವಿಷಯದಲ್ಲಿ ಮಾತ್ರ ಅಂದಾಜು ಕೂಡದು. ಉದಾಹರಣೆಗೆ ತಾಯಿಯೊಬ್ಬರು ಬೆಳಗ್ಗೆ 20 ಯೂನಿಟ್, ರಾತ್ರಿ 10 ಯೂನಿಟ್ ಚುಚ್ಚಿಕೊಳ್ಳುತ್ತಾರೆ ಎನ್ನಿ. ಅಲ್ಲಿ ಹೋಗಿಯೂ ಕೋಲಾರದ ಲೆಕ್ಕವನ್ನೇ ಹಿಡಿದರೆ ದೊಡ್ಡ ಪ್ರಮಾಣ ಅಲ್ಲಿನ ರಾತ್ರಿ ಊಟಕ್ಕೆ ಬೀಳುತ್ತದೆ, ಆಮೇಲೆ ಆಕೆ ಮಲಗುತ್ತಾರೆ. ನಡುರಾತ್ರಿ ನಿದ್ದೆಯಲ್ಲೇ ಸಕ್ಕರೆ ಅಂಶ ಕುಸಿದರೆ ಎಬ್ಬಿಸುವವರು ಯಾರು? ಯಾವ ಪ್ರಮಾಣವನ್ನು ಯಾವ ದಿನ ಅದಲು ಬದಲು ಮಾಡಬೇಕು ಎಂಬುದನ್ನು ನಿಮ್ಮ ಟಿಕೆಟ್ಟಿನ ವೇಳೆ ನೋಡಿಯೇ ವೈದ್ಯರು ಹೇಳಬೇಕು. ಆದ್ದರಿಂದ ಆಸ್ಪತ್ರೆಗೆ ಹೋಗುವಾಗ ಟಿಕೆಟ್ಟನ್ನೂ ಒಯ್ಯಿರಿ. ವಿಮಾನದಲ್ಲಿ ಊಟದ ತಟ್ಟೆ ಎದುರಿಗೆ ಬಂದ ಮೇಲೆಯೇ ಚುಚ್ಚಿಕೊಳ್ಳಿ. ಊಟ ಬರುತ್ತದೆಂದು ಚುಚ್ಚಿಕೊಂಡ ಮೇಲೆ ವಿಮಾನ ಕುಲುಕಾಡಿ ಬಡಿಸುವುದನ್ನು ಒಂದು ಗಂಟೆ ನಿಲ್ಲಿಸುವುದುಂಟು. ಗ್ಲೂಕೋಸ್, ಬಿಸ್ಕತ್ತು ಕೈಗೆಟುಕುವಲ್ಲಿರಲಿ. ರಾಗಿ ಹುರಿಹಿಟ್ಟಿನ ಡಬ್ಬಿ ದೊಡ್ಡ ಪೆಟ್ಟಿಗೆಯಲ್ಲಿರಲಿ, ಕೈಚೀಲದಲ್ಲಿ ಪುಡಿ ಹೆಚ್ಚಿದ್ದರೆ ತಪಾಸಣೆಯವರು ತೆಗೆಸಿ ನೋಡುತ್ತಾರೆ. ಶ್ರೀನಿವಾಸಪುರದ ಮಾವಿನಹಣ್ಣಿನ ಆಸೆ ಬಿಡಿ, ತಾಜಾ ಹಣ್ಣನ್ನು ಅಮೆರಿಕದವರು ಒಳಗೆ ಬಿಡುವುದಿಲ್ಲ.

ಇನ್ಸುಲಿನ್ ಮಾತ್ರ ಎಂದಿಗೂ ದೊಡ್ಡ ಪೆಟ್ಟಿಗೆಗೆ ಹೋಗಬಾರದು. ಸಾಮಾನಿನ ಅಂಕಣದಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು, ಪೆಟ್ಟಿಗೆಯೇ ತಪ್ಪಿಹೋಗಲೂಬಹುದು. ಎಲ್ಲ ಔಷಧಿಯೂ ಅಂಗಡಿಯ ಮೂಲ ಪ್ಯಾಕಿನಲ್ಲೇ, ವೈದ್ಯರ ಇಂಗ್ಲಿಷ್ ಚೀಟಿಯ ಸಮೇತ ಕೈಚೀಲದಲ್ಲಿರಲಿ. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರೂ ಇರಲಿ, ನಮ್ಮ ಕಂಪನಿಯ ಹೆಸರು ಅಲ್ಲಿನ ಅಂಗಡಿಯವರಿಗೆ ಗೊತ್ತಿರುವುದಿಲ್ಲ.

ಬಹಳ ಜನ ತಿಳಿಯದ ಅಪಾಯ ಇನ್ನೊಂದಿದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್. ನಮ್ಮ ಸಿರಿಂಜಿನ ಗೆರೆಗಳೂ ಅದೇ ಲೆಕ್ಕದವು. ಅಮೆರಿಕದ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 100 ಯೂನಿಟ್, ಅಲ್ಲಿನ ಸಿರಿಂಜು ಬೇರೆ. ಸೀಸೆ ಮುಗಿಯಿತೆಂದು ಅಲ್ಲಿನದನ್ನು ತಂದು ಊರಿನ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್! ಸೀಸೆ ಎಲ್ಲಿಯದೋ ಸಿರಿಂಜೂ ಅಲ್ಲಿಯದೇ ಆಗಿರಬೇಕು. ಈ ಒಂದು ಸಾಲನ್ನು ಕತ್ತರಿಸಿ ಔಷಧಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಕೊಂಡರೂ ಸರಿಯೇ.

ಅಲ್ಲಿ ರಾತ್ರಿ, ಇಲ್ಲಿ ಊಟದ ಹೊತ್ತು

ತಲುಪಿದ ಮೊದಲ ದಿನ ದಣಿವಿಗೆ ಒಂಬತ್ತಕ್ಕೇ ನಿದ್ದೆ ಬರುತ್ತದೆ. ರಾತ್ರಿ ಒಂದಕ್ಕೆ ಎಚ್ಚರ, ಹೊಟ್ಟೆ ಚುರುಗುಟ್ಟುತ್ತದೆ. ಕೋಲಾರದಲ್ಲಿ ಆಗ ಮಧ್ಯಾಹ್ನ ಎರಡೂವರೆ, ಮುದ್ದೆ ಉಣ್ಣುವ ಹೊತ್ತು ಮೀರಿದೆ. ಇದು ಮನಸ್ಸಿನ ಭ್ರಮೆಯಲ್ಲ. ಮಿದುಳಿನ ತಳಭಾಗದಲ್ಲಿ, ಎರಡು ಕಣ್ಣುಗಳ ನರಗಳು ಕೂಡುವ ಜಾಗದ ಮೇಲೆ ನರಕೋಶಗಳ ಪುಟ್ಟ ಗುಂಪೊಂದು ಗಡಿಯಾರದ ಕೆಲಸ ಮಾಡುತ್ತದೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬಾಶ್, ಮೈಕೇಲ್ ಯಂಗ್ ಅವರಿಗೆ 2017ರ ನೊಬೆಲ್ ಬಹುಮಾನ ಬಂತು. ಈ ಗಡಿಯಾರವನ್ನು ಕೈಯಿಂದ ತಿರುಗಿಸಲಾಗದು. ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ತಾನೇ ಸರಿಯುತ್ತದೆ. ಆದ್ದರಿಂದ ವಾರ, ಹತ್ತು ದಿನ ಹಿಡಿಯುವುದು ಸಹಜ, ವಯಸ್ಸಾದವರಿಗೆ ಇನ್ನೂ ಒಂದೆರಡು ದಿನ ಹೆಚ್ಚು.

ಅದನ್ನು ಸರಿಸುವ ಮುಖ್ಯ ಸಾಧನ ಬೆಳಕು. ಹಗಲು ಪರದೆ ಎಳೆದು ಮಲಗಬೇಡಿ. ಹೊರಗೆ ಬಿಸಿಲಿನಲ್ಲಿ ಅರ್ಧ ಗಂಟೆ ನಡೆದಾಡಿ. ಹಗಲು ತಡೆಯಲಾರದ ನಿದ್ದೆ ಬಂದರೆ ಅರ್ಧ ಗಂಟೆಯ ಮಟ್ಟಿಗೆ ಮಲಗಿ ಏಳಿ. ಊಟವನ್ನು ಮೊದಲ ದಿನದಿಂದಲೇ ಅಲ್ಲಿನ ವೇಳೆಗೆ ಮಾಡಿ. ರಾತ್ರಿ ಎಚ್ಚರವಾದರೆ ದೀಪವೆಲ್ಲ ಹಾಕಿ ಟಿ.ವಿ. ಮುಂದೆ ಕೂರುವುದು ಬೇಡ. ಹಾಸಿಗೆಯಿಂದ ಬಚ್ಚಲಿನವರೆಗೆ ಮಾತ್ರ ಮಂದ ಬೆಳಕಿರಲಿ. ಅಪರಿಚಿತ ಮನೆಯ ಮರದ ಮೆಟ್ಟಿಲಿನಲ್ಲಿ ನಿದ್ದೆಗಣ್ಣಿನಲ್ಲಿ ಜಾರಿ ಸೊಂಟ ಮುರಿದುಕೊಂಡರೆ ಬಾಣಂತನ ಯಾರಿಗೆ ಯಾರು ಮಾಡುವುದು? ಮೆಲಟೋನಿನ್ ಮಾತ್ರೆ ಕೆಲವರಿಗೆ ಉಪಯೋಗವಾಗುತ್ತದೆ ನಿಜ. ಆದರೆ ಅಪಸ್ಮಾರ ಇರುವವರು, ರಕ್ತ ತಿಳಿಗೊಳಿಸುವ ಔಷಧಿ ನುಂಗುವವರು ಕೇಳದೆ ಮುಟ್ಟಬಾರದು. ಒಂದು ಸಮಾಧಾನವೆಂದರೆ ಹಸುಗೂಸಿಗೂ ಹಗಲು-ರಾತ್ರಿ ತಿಳಿಯದು. ಮೊದಲ ವಾರ ಅಜ್ಜಿಯ ಗಡಿಯಾರವೂ ಮೊಮ್ಮಗುವಿನ ಗಡಿಯಾರವೂ ಒಂದೇ ಆಗಿರುತ್ತದೆ.

ನೇರ ವಿಮಾನವೋ, ನಡುವೆ ಇಳಿಯುವುದೋ ಎಂದು ಅನೇಕರು ಕೇಳುತ್ತಾರೆ. ದುಬೈ ಕಡೆಯಿಂದ ಹೋದರೆ ಮೊದಲು ನಾಲ್ಕು ಗಂಟೆ, ಆಮೇಲೆ ಹೆಚ್ಚುಕಡಿಮೆ ಹದಿನಾರು ಗಂಟೆ. ಅಂದರೆ ಕಾಲಿಗೆ ಬಿಡುವೇನೂ ಸಿಗಲಿಲ್ಲ, ಒಟ್ಟು ಹೊತ್ತು ಮಾತ್ರ ಬೆಳೆಯಿತು. ಫ್ರಾಂಕ್‌ಫರ್ಟ್ ಮೂಲಕವಾದರೆ ಹತ್ತು ಮತ್ತು ಹನ್ನೊಂದೂವರೆ ಗಂಟೆಯ ಸುಮಾರಿನ ಎರಡು ತುಂಡುಗಳು. ಜೊತೆಗೆ ಭಾಷೆ ಬಲ್ಲವರಿದ್ದು, ಕಾಲು ಊದುವ ತೊಂದರೆ ಇರುವವರಿಗೆ ಈ ಎರಡನೆಯದೇ ವಾಸಿ ಎಂದು ನನ್ನ ಅಭಿಪ್ರಾಯ. ಒಂಟಿಯಾಗಿ ಹೋಗುವ, ನಿಲ್ದಾಣ ಬದಲಿಸಲು ಹೆದರುವ ತಾಯಿಗೆ ನೇರ ವಿಮಾನವೇ ಇರಲಿ. ಆತಂಕವೂ ರಕ್ತದೊತ್ತಡ ಏರಿಸುತ್ತದೆ. ಅಲ್ಲಿ ಆಸ್ಪತ್ರೆಯ ಖರ್ಚು ನಮ್ಮ ಊಹೆಗೆ ಮೀರಿದ್ದು. ವಿಮೆ ಮಾಡಿಸುವಾಗ ಇರುವ ಕಾಯಿಲೆಗಳನ್ನು ಮುಚ್ಚಿಡದೆ ಬರೆಸಿ, ಹಳೆಯ ಕಾಯಿಲೆಗೂ ಅದು ಅನ್ವಯಿಸುತ್ತದೆಯೇ ಎಂದು ಓದಿಸಿ ತಿಳಿಯಿರಿ.

ಹಿಂದಿರುಗುವಾಗ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿದವರು ತಾವೇ ಕಾರು ನಡೆಸಿಕೊಂಡು ಹೆದ್ದಾರಿಗೆ ಬರಬಾರದು. ಜೊತೆಯಲ್ಲಿ ಬಂದ ಮಗ ಎಷ್ಟೇ ಒಳ್ಳೆಯ ಚಾಲಕನಾಗಿರಲಿ, ಅವನ ಮೈಗೆ ಅದು ಮಧ್ಯಾಹ್ನವೋ ಮಧ್ಯರಾತ್ರಿಯೋ ಅವನಿಗೇ ತಿಳಿದಿರುವುದಿಲ್ಲ. ಊರಿನಿಂದ ನಿದ್ದೆ ಮಾಡಿ ಬಂದ ಚಾಲಕರೊಬ್ಬರು ಇರಲಿ. ಹೋದಾಗಲೂ ಬಂದಾಗಲೂ, ಪ್ರಯಾಣ ಮುಗಿದು ಎಂಟು ವಾರಗಳವರೆಗೆ ಒಂದು ವಿಷಯದ ಮೇಲೆ ಕಣ್ಣಿಡಿ. ಎರಡೂ ಪಾದ ಸಮನಾಗಿ ಊದಿದ್ದರೆ ಗಾಬರಿ ಬೇಡ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದನ್ನು ಎಣ್ಣೆ ಹಚ್ಚಿ ನೀವಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಹಠಾತ್ತನೆ ಉಸಿರುಗಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ, ಇಂಥ ದಿನ ವಿಮಾನದಲ್ಲಿ ಬಂದೆವು ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.